ಶಾಲಾ ಪ್ರವಾಸದಲ್ಲಿ ರಾಜಕೀಯ ಪಾಠ: ಪೋಷಕರು, ಶಿಕ್ಷಕರು, ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಮಖಂಡಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ಪಂಚಾಯಿತಿ ಆಫೀಸಿಗೆ, ಬ್ಯಾರೇಜಿಗೆ, ಬೆಳಗಾವಿಯಲ್ಲಿ ನಡೆಯುವ ವಿಧಾನಮಂಡಲ ಅಧಿವೇಶನಕ್ಕೆ ಕರೆದುಕೊಂಡು ಹೋಗುವ ಚಟ ಹತ್ತಿ ಕೆಲವು ವರ್ಷ ಆಯಿತು. ಪ್ರತಿ ವರ್ಷ ಪೋಷಕರ ಸಭೆಯಲ್ಲಿ ಅವೇ ಪ್ರಶ್ನೆ ಬರುತ್ತವೆ. ಬೇರೆ ಶಾಲೆಯ ಶಿಕ್ಷಕರೂ ಫೋನ್ ಮಾಡಿ ಅವನ್ನೇ ಕೇಳುತ್ತಾರೆ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ.

ಮಕ್ಕಳಿಗೆ ಯಾಕೆ ರಾಜಕೀಯ? ಸುಮ್ನೆ ಓದಿಕೊಂಡಿರಲಿ ಬಿಡಿ.

ಈ ಮಾತು ಹೇಳುವವರ ಮನೆಯ ಕಟ್ಟೆಯ ಮೇಲೆ ಸಂಜೆ ಏನು ನಡೆಯುತ್ತದೆ ಹೇಳಿ? ಯಾರಿಗೆ ಟಿಕೆಟ್, ಯಾವ ಓಣಿಗೆ ರಸ್ತೆ, ಕಾರ್ಖಾನೆ ಕಬ್ಬಿನ ಬಿಲ್ ಯಾವಾಗ ಹಾಕುತ್ತದೆ. ಮಗು ಅಲ್ಲೇ ಕೂತು ಕೇಳುತ್ತಿರುತ್ತದೆ. ಅಂದರೆ ರಾಜಕೀಯ ಅದರ ಕಿವಿಗೆ ಬೀಳುತ್ತಲೇ ಇದೆ. ಅರ್ಧಂಬರ್ಧ ಬೀಳುತ್ತಿದೆ, ಅಷ್ಟೇ.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ನಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆ ಕಬ್ಬಿನ ದರದ ಗಲಾಟೆ ಬಾಯಿಪಾಠ. ಆದರೆ ಎಫ್‌ಆರ್‌ಪಿ ಅನ್ನುವ ಕನಿಷ್ಠ ದರ ನಿಗದಿ ಮಾಡುವುದು ಕೇಂದ್ರ ಸರ್ಕಾರ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರೂ ಎಮ್ಮೆಲ್ಲೆ ಅವರನ್ನೇ ಬೈಯುತ್ತಿದ್ದರು. ಬೈಯುವುದಾದರೂ ಸರಿಯಾದ ವಿಳಾಸಕ್ಕೆ ಬೈಯಲಿ ಅನ್ನುವುದು ನನ್ನ ಆಸೆ.

ಪಕ್ಷ ಬೇರೆ, ರಾಜಕೀಯ ಬೇರೆ. ಯಾವ ಪಕ್ಷ ಒಳ್ಳೆಯದು ಅಂತ ಕ್ಲಾಸಿನಲ್ಲಿ ನಾನು ಹೇಳುವುದಿಲ್ಲ. ಸರ್ಕಾರಿ ನೌಕರನ ನಡತೆ ನಿಯಮವೂ ಅದಕ್ಕೆ ಬಿಡುವುದಿಲ್ಲ. ಮಕ್ಕಳು ಮಾತ್ರ ನಾನು ಯಾರಿಗೆ ಓಟು ಹಾಕುತ್ತೇನೆ ಅಂತ ಪತ್ತೆ ಮಾಡುವುದನ್ನು ಇನ್ನೂ ಬಿಟ್ಟಿಲ್ಲ.

ಇದಕ್ಕೆ ಬೆಂಗಳೂರಿಗೇ ಹೋಗಬೇಕಾ?

ಬೇಡ. ಮೊದಲ ಪ್ರವಾಸ ಗ್ರಾಮ ಪಂಚಾಯಿತಿಗೆ. ನಡೆದೇ ಹೋಗಬಹುದು.

ನಾವು ಹೋದಾಗ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರು ಕ್ರಿಯಾ ಯೋಜನೆಯ ಪುಸ್ತಕ ತೆಗೆದು ತೋರಿಸಿದರು. ಯಾವ ಓಣಿಯ ಗಟಾರಕ್ಕೆ ಎಷ್ಟು ದುಡ್ಡು ಅಂತ ಅದರಲ್ಲಿ ಇತ್ತು. ಎಂಟನೇ ಕ್ಲಾಸಿನ ಒಬ್ಬ ಹುಡುಗ ತನ್ನ ಓಣಿಯ ಹೆಸರು ಓದಿದ. ಇನ್ನೊಂದು ಸಲ ಓದಿದ. ಆಮೇಲೆ ಕೇಳಿದ: "ಸರ, ಇದು ಆಗೇತಿ ಅಂತ ಬರದಾರ. ನಮ್ಮ ಓಣ್ಯಾಗ ಗಟಾರನ ಇಲ್ಲಲ್ರಿ?" ಆಫೀಸಿನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ತಿಳಿದದ್ದು ಇಷ್ಟು: ಅದು ಅದೇ ಹೆಸರಿನ ಇನ್ನೊಂದು ಗಲ್ಲಿ, ಅಲ್ಲಿ ನಿಜವಾಗಿಯೂ ಗಟಾರ ಆಗಿತ್ತು. ಆದರೆ ದಾಖಲೆ ಓದಿ ಪ್ರಶ್ನೆ ಕೇಳಬಹುದು ಅನ್ನುವುದು ಆ ಹುಡುಗನಿಗೆ ಅವತ್ತು ಗೊತ್ತಾಯಿತು. ಅದನ್ನು ಕಲಿಸಲು ನನ್ನ ಹತ್ತು ಪಾಠ ಸಾಕಾಗುತ್ತಿರಲಿಲ್ಲ.

ಪಂಚಾಯಿತಿಯಲ್ಲಿ ಗಮನಿಸಲು ಇನ್ನೂ ಇದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಹೆಣ್ಣುಮಕ್ಕಳಿಗೆ ಅರ್ಧದಷ್ಟು ಮೀಸಲಾತಿ ಇದೆ. ಆದರೆ ಸಭೆಯ ದಿನ ಅವರ ಖುರ್ಚಿಯಲ್ಲಿ ಗಂಡನೋ ಮಗನೋ ಕೂತಿರುವುದೂ ಕೆಲವು ಕಡೆ ಕಾಣುತ್ತದೆ. ಮಕ್ಕಳು ಅದನ್ನು ನೋಡಿ ಬಿಡುತ್ತಾರೆ. ನೋಡಲಿ, ಮುಚ್ಚಿಡಬೇಡಿ.

ಸುವರ್ಣ ವಿಧಾನಸೌಧಕ್ಕೆ ಯಾವಾಗ ಹೋಗಬೇಕು?

ಅಧಿವೇಶನ ಇರುವಾಗ. ಬಾಕಿ ದಿನ ಹೋದರೆ ದೊಡ್ಡ ಕಟ್ಟಡ, ಚೆಂದದ ಹುಲ್ಲುಹಾಸು, ಫೋಟೊ. ಮುಗಿಯಿತು.

ಬೆಳಗಾವಿ ಹತ್ತಿರ ಹಲಗಾ-ಬಸ್ತವಾಡದಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಇದೆ. 2012ರ ಅಕ್ಟೋಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದರು. ಬೆಳಗಾವಿಯಲ್ಲಿ ಮೊದಲ ಅಧಿವೇಶನ ಅದಕ್ಕೂ ಮುಂಚೆ, 2006ರಲ್ಲೇ, ಕೆಎಲ್‌ಇ ಶಿಕ್ಷಣ ಸಂಸ್ಥೆಯ ಆವರಣದಲ್ಲಿ ನಡೆದಿತ್ತು. ಈಗ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬರುತ್ತದೆ. ದಿನಾಂಕ ಪ್ರಕಟವಾದ ಕೂಡಲೇ ಶಾಲೆಯ ಲೆಟರ್‌ಹೆಡ್‌ನಲ್ಲಿ ಮಕ್ಕಳ ಪಟ್ಟಿ ಹಾಕಿ ಮನವಿ ಕೊಡಿ. ನಿಮ್ಮ ಶಾಸಕರ ಕಚೇರಿಯಿಂದ ಹೋದರೆ ಕೆಲಸ ಬೇಗ ಆಗುತ್ತದೆ. ಆ ಹತ್ತು ದಿನ ರಾಜ್ಯದ ಅರ್ಧ ಶಾಲೆಗಳು ಅಲ್ಲೇ ಇರುತ್ತವೆ ಅನ್ನಿಸುವಷ್ಟು ಗದ್ದಲ. ಗ್ಯಾಲರಿಯಲ್ಲಿ ಕೂರಲು ಸಿಗುವ ಹೊತ್ತು ಕಮ್ಮಿ.

ನನ್ನ ಮೊದಲ ವರ್ಷದ ಕತೆ ಹೇಳುತ್ತೇನೆ, ನೀವು ಆ ತಪ್ಪು ಮಾಡಬೇಡಿ. ಬೆಳಗಿನ ನಾಲ್ಕು ಗಂಟೆಗೆ ಮಕ್ಕಳನ್ನು ಎಬ್ಬಿಸಿ ಬಸ್ಸು ಹತ್ತಿಸಿದೆ. ಏನೂ ತಯಾರಿ ಇರಲಿಲ್ಲ. ಎರಡು ತಾಸು ಸಾಲಿನಲ್ಲಿ ನಿಂತು ಒಳಗೆ ಹೋದೆವು. ಕೂತು ಹತ್ತು ನಿಮಿಷಕ್ಕೆ ಗಲಾಟೆ, ಸದನ ಮುಂದೂಡಿದರು. ಎಲ್ಲರೂ ಎದ್ದು ಹೊರಟರು. ಒಬ್ಬ ಹುಡುಗಿ ಕೇಳಿದಳು: "ಸರ, ಸಾಲಿ ಬಿಟ್ಟಂಗ ಎದ್ದು ಹೊಂಟ್ರಲ್ಲ, ಗಂಟಿ ಯಾರ ಹೊಡದ್ರು?" ನನಗೆ ನಗು ಬಂತು, ಉತ್ತರ ಬರಲಿಲ್ಲ. ವಾಪಸ್ ಬಂದು ಪ್ರಬಂಧ ಬರೆಸಿದರೆ ಮುಕ್ಕಾಲು ಮಕ್ಕಳು ದಾರಿಯಲ್ಲಿ ತಿಂದ ಮಿರ್ಚಿ ಭಜಿ ಬಗ್ಗೆಯೇ ಬರೆದಿದ್ದರು.

ಮುಂದಿನ ಸಲ ಹೀಗೆ ಮಾಡಿದೆ. ಬೆಳಗಾವಿ ಜಿಲ್ಲೆಯಲ್ಲಿ 18, ವಿಜಯಪುರದಲ್ಲಿ 8, ಬಾಗಲಕೋಟೆಯಲ್ಲಿ 7 ವಿಧಾನಸಭಾ ಕ್ಷೇತ್ರ. ಒಟ್ಟು 33. ಒಂದೊಂದು ಮಗುವಿಗೆ ಒಂದೊಂದು ಕ್ಷೇತ್ರ ಹಂಚಿದೆ. ಆ ಶಾಸಕರ ಫೋಟೊ ಮೊದಲೇ ನೋಡಿಕೊಂಡು ಬರಬೇಕು. ಅವತ್ತು ಬಂದಿದ್ದಾರಾ, ಎಲ್ಲಿ ಕೂತಿದ್ದಾರೆ, ಮಾತಾಡಿದರಾ, ಏನು ಕೇಳಿದರು, ಯಾರು ಉತ್ತರ ಕೊಟ್ಟರು, ಇಷ್ಟು ಬರೆಯಬೇಕು. ಮೊಬೈಲ್ ಒಳಗೆ ಬಿಡುವುದಿಲ್ಲ, ಅದೂ ಒಳ್ಳೆಯದೇ ಆಯಿತು. ಮಕ್ಕಳು ಕ್ರಿಕೆಟ್ ಸ್ಕೋರ್ ಬರೆಯುವವರ ಹಾಗೆ ಕೂತಿದ್ದರು. "ನಮ್ಮಾಂವ ಬಂದಾನ", "ನಮ್ಮಾಂವ ಇನ್ನೂ ಬಂದಿಲ್ಲ" ಅಂತ ಪಿಸುಮಾತು. ಬಾರದವರ ಹೆಸರು ಇಲ್ಲಿ ಬೇಡ ಬಿಡಿ.

ಮಕ್ಕಳಿಗೆ ಮೊದಲೇ ಯಾವ ಪದ ಹೇಳಿಕೊಡಬೇಕು?

ಜಾಸ್ತಿ ಬೇಡ, ಆರೇಳು ಸಾಕು. ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೆದ ಉತ್ತರ ಬರುತ್ತದೆ. ಶೂನ್ಯವೇಳೆ (ಪಟ್ಟಿಯಲ್ಲಿಲ್ಲದ ತುರ್ತು ವಿಷಯ ಎತ್ತುವ ಹೊತ್ತು), ಗಮನ ಸೆಳೆಯುವ ಸೂಚನೆ (ತುರ್ತು ವಿಷಯಕ್ಕೆ ಮಂತ್ರಿಯಿಂದ ಉತ್ತರ ಕೇಳುವುದು), ಸಭಾತ್ಯಾಗ (ವಿರೋಧಿಸಿ ಎದ್ದು ಹೊರಗೆ ಹೋಗುವುದು), ಧ್ವನಿಮತ (ಹೌದು, ಇಲ್ಲ ಅಂತ ಕೂಗಿ ಹೇಳುವ ಮತ). ಆಮೇಲೆ ಕೋರಂ. ಸದನ ನಡೆಯಬೇಕಾದರೆ ಹತ್ತರಲ್ಲಿ ಒಂದು ಪಾಲು ಸದಸ್ಯರಾದರೂ ಇರಬೇಕು. ನಮ್ಮ ವಿಧಾನಸಭೆಯಲ್ಲಿ 224 ಜನ, ಹಾಗಾಗಿ 23. ಅಷ್ಟು ಜನ ಇಲ್ಲದಿದ್ದರೆ ಗಂಟೆ ಬಾರಿಸುತ್ತಾರೆ. ಆ ಹುಡುಗಿಯ ಗಂಟೆ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ. ಶಾಲೆಯಲ್ಲಿ ಗಂಟೆ ಹೊಡೆದರೆ ಹೊರಗೆ ಓಡುತ್ತೇವೆ, ಅಲ್ಲಿ ಒಳಗೆ ಬನ್ನಿ ಅಂತ ಹೊಡೆಯುತ್ತಾರೆ.

ವಿಧಾನ ಪರಿಷತ್ತನ್ನು ಮರೆಯಬೇಡಿ. ಅಲ್ಲಿರುವುದು 75 ಜನ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಸೇರಿ ಒಂದು ವಾಯವ್ಯ ಶಿಕ್ಷಕರ ಕ್ಷೇತ್ರ, ಒಂದು ವಾಯವ್ಯ ಪದವೀಧರರ ಕ್ಷೇತ್ರ ಇವೆ. ನಾನೂ ಅಲ್ಲಿ ಮತದಾರ. ಗುಂಡಿ ಒತ್ತುವುದಿಲ್ಲ, ಹೆಸರುಗಳ ಮುಂದೆ 1, 2, 3 ಅಂತ ಇಷ್ಟದ ಕ್ರಮ ಬರೆಯುತ್ತೇವೆ ಅಂದಾಗ ಮಕ್ಕಳಿಗೆ ಖುಷಿಯೋ ಖುಷಿ. "ನೀವೂ ಪರೀಕ್ಷಾ ಬರಿತೀರೇನ್ರಿ ಸರ?" ಅಂದರು.

ಸದನದಲ್ಲಿ ಕೂಗಾಟ ನೋಡಿ ಮಕ್ಕಳು ಹಾಳಾಗುವುದಿಲ್ಲವೇ?

ಟಿವಿಯಲ್ಲಿ ದಿನಾ ನೋಡುತ್ತಾರಲ್ಲ. ನೇರವಾಗಿ ನೋಡಿದರೆ ಒಂದು ಲಾಭ ಇದೆ. ಟಿವಿಯಲ್ಲಿ ಕಾಣುವುದು ಆ ಎರಡು ನಿಮಿಷ ಮಾತ್ರ. ಗ್ಯಾಲರಿಯಲ್ಲಿ ಕೂತವನಿಗೆ ಅದರ ಹಿಂದಿನ ಒಂದು ತಾಸಿನ ಬೇಸರದ ಕೆಲಸವೂ ಕಾಣುತ್ತದೆ. ಯಾವುದೋ ಏತ ನೀರಾವರಿ, ಯಾವುದೋ ಹಾಸ್ಟೆಲ್ಲಿನ ವಾರ್ಡನ್ ಹುದ್ದೆ, ಅಂಕಿ ಅಂಶ. ಕೆಲವರು ಕೂಗಾಡಿದ ಮೇಲೆ ಹೊರಗೆ ಒಟ್ಟಿಗೆ ಚಹಾ ಕುಡಿಯುವುದನ್ನೂ ನಮ್ಮ ಮಕ್ಕಳು ನೋಡಿದರು. ಅದು ಅವರಿಗೆ ಜಾಸ್ತಿ ಆಶ್ಚರ್ಯ ಆಯಿತು.

ಗೋಡೆ ಮೇಲಿನ ಚಿತ್ರಗಳನ್ನೂ ತೋರಿಸಿ. 2022ರ ಡಿಸೆಂಬರಿನಲ್ಲಿ ಸಭಾಂಗಣದಲ್ಲಿ ಏಳು ಜನರ ಭಾವಚಿತ್ರ ಹಾಕಿದರು. ಅದರಲ್ಲಿ ಸಾವರ್ಕರ್ ಚಿತ್ರವೂ ಇತ್ತು ಅಂತ ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ ಹೊರಗೆ ಮೆಟ್ಟಿಲ ಮೇಲೆ ಧರಣಿ ಕೂತಿತ್ತು. ಯಾರ ಚಿತ್ರ ಇರಬೇಕು, ಅದನ್ನು ಯಾರು ತೀರ್ಮಾನಿಸಬೇಕು ಅಂತ ಬಸ್ಸಿನಲ್ಲಿ ಚರ್ಚೆಗೆ ಬಿಟ್ಟೆ. ಗೋಕಾಕ್ ದಾಟುವ ತನಕ ನಿಲ್ಲಲಿಲ್ಲ.

ಹೊರಗೆ ಧರಣಿ ಕೂತವರ ಹತ್ತಿರ ಮಕ್ಕಳನ್ನು ಕರೆದೊಯ್ಯಬಹುದಾ?

ನನ್ನ ಮಟ್ಟಿಗೆ ಅದೇ ನಿಜವಾದ ಪ್ರವಾಸ. ಅಧಿವೇಶನದ ವೇಳೆ ಬಸ್ತವಾಡ, ಕೊಂಡಸಕೊಪ್ಪದ ಕಡೆ ಸಾಲು ಸಾಲು ಟೆಂಟು ಇರುತ್ತವೆ. ಕಬ್ಬು ಬೆಳೆಗಾರರು, ಅಂಗನವಾಡಿ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರು, ಮೀಸಲಾತಿ ಕೇಳುವವರು. ಮಂತ್ರಿಗಳು ಬರುತ್ತಾರೆ ಅಂತ ಕಾಯುತ್ತಾ ಮೂರು ದಿನದಿಂದ ಅಲ್ಲೇ ಅಡುಗೆ ಮಾಡಿಕೊಂಡು ಕೂತಿರುತ್ತಾರೆ. ಒಳಗೆ ನೋಡಿದ ಪ್ರಶ್ನೆ ಎಲ್ಲಿಂದ ಹುಟ್ಟಿತು ಅಂತ ಮಕ್ಕಳಿಗೆ ಅಲ್ಲಿ ಕಾಣುತ್ತದೆ.

ಆದರೆ ಎಚ್ಚರ ಬೇಕು. ದೊಡ್ಡ ಮೆರವಣಿಗೆ ಇರುವ ದಿನ, ಪೊಲೀಸರು ಬ್ಯಾರಿಕೇಡ್ ಹಾಕಿದ ದಿನ ಹತ್ತಿರವೂ ಸುಳಿಯಬೇಡಿ. ಬೆಳಿಗ್ಗೆ ಬೇಗ, ಶಾಂತವಾಗಿದ್ದಾಗ, ಐದಾರು ಮಕ್ಕಳ ಗುಂಪು, ಜೊತೆಗೆ ಒಬ್ಬ ಶಿಕ್ಷಕ. ಎರಡೇ ಪ್ರಶ್ನೆ: ನಿಮಗೆ ಏನು ಬೇಕು, ಅದನ್ನು ಕೊಡುವ ಅಧಿಕಾರ ಯಾರಿಗಿದೆ? ಎರಡನೆಯದಕ್ಕೆ ಧರಣಿ ಕೂತ ದೊಡ್ಡವರೂ ಕೆಲವು ಸಲ ತಡವರಿಸುತ್ತಾರೆ. ಘೋಷಣೆ ಕೂಗಬಾರದು, ಶಾಲು ಹಾಕಿಸಿಕೊಳ್ಳಬಾರದು ಅಂತ ಮೊದಲೇ ಹೇಳಿರಿ.

ಬೆಳಗಾವಿಯಲ್ಲಿ ಇನ್ನೇನು ನೋಡಬಹುದು?

ಟಿಳಕವಾಡಿಯ ವೀರಸೌಧ ಮತ್ತು ಕಾಂಗ್ರೆಸ್ ಬಾವಿ. 1924ರ ಡಿಸೆಂಬರ್ 26 ಮತ್ತು 27ರಂದು ಇಲ್ಲಿ ಕಾಂಗ್ರೆಸ್ಸಿನ 39ನೇ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಇದು. ಅದನ್ನು ಊರಿಗೆ ತಂದವರಲ್ಲಿ ಮುಖ್ಯರು ಗಂಗಾಧರರಾವ್ ದೇಶಪಾಂಡೆ. ಬಂದ ಜನಕ್ಕೆ ನೀರು ಬೇಕಲ್ಲ, ಅದಕ್ಕೆ ಬಾವಿ ತೋಡಿದರು. ಮಕ್ಕಳಿಗೆ ಭಾಷಣಕ್ಕಿಂತ ಬಾವಿ ಹಿಡಿಸುತ್ತದೆ. ಸಾವಿರಾರು ಜನರ ಸಭೆ ಅಂದರೆ ನೀರು, ಶೌಚ, ಊಟ, ದುಡ್ಡಿನ ಲೆಕ್ಕ ಅಂತ ಆಗ ತಿಳಿಯುತ್ತದೆ.

ಇನ್ನೊಂದು ಮಾತು ಹೇಳಿ. ಆ ಅಧಿವೇಶನದಲ್ಲಿ ಪಕ್ಷದ ಸದಸ್ಯತ್ವಕ್ಕೆ ದುಡ್ಡಿನ ಬದಲು ತಿಂಗಳಿಗೆ 2000 ಗಜ ನೂಲು ಕೊಡಬೇಕು ಅನ್ನುವ ನಿಯಮ ಒಪ್ಪಿದರು. ನಮ್ಮ ಕಾಲದಲ್ಲಿ ಮಿಸ್ಡ್ ಕಾಲ್ ಕೊಟ್ಟರೆ ಸದಸ್ಯರನ್ನಾಗಿ ಮಾಡಿಕೊಂಡ ಪಕ್ಷವೂ ಇದೆ. ಯಾವುದು ಸರಿ ಅಂತ ಕೇಳಿದರೆ ಕ್ಲಾಸು ಎರಡು ಹೋಳಾಗುತ್ತದೆ. ನೂಲು ತೆಗೆಯಲು ಪುರುಸೊತ್ತು ಇಲ್ಲದ ಬಡವರು ಏನು ಮಾಡಬೇಕಿತ್ತು ಅಂತ ನಮ್ಮ ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ ಅಲ್ವಾ?

ಸಮಯ ಇದ್ದರೆ ಕಿತ್ತೂರು, ನಂದಗಡ. ಅವಕ್ಕೆ ಎಲ್ಲ ಶಾಲೆಯವರೂ ಹೋಗುತ್ತಾರೆ, ನಾನು ಹೊಸದಾಗಿ ಹೇಳುವುದು ಏನೂ ಇಲ್ಲ.

ಬಾಗಲಕೋಟೆ, ವಿಜಯಪುರದವರಿಗೆ ಬೆಳಗಾವಿ ದೂರ. ನಮ್ಮಲ್ಲಿ ಏನಿದೆ?

ನಮ್ಮ ಜಮಖಂಡಿ ಪಕ್ಕದಲ್ಲೇ ಚಿಕ್ಕಪಡಸಲಗಿ ಬ್ಯಾರೇಜ್ ಇದೆ. ಸರ್ಕಾರ ಕಟ್ಟಲಿಲ್ಲ ಅಂತ ಕೃಷ್ಣಾ ತೀರದ ರೈತರೇ ದುಡ್ಡು ಹಾಕಿ, ಮೈ ಬಗ್ಗಿಸಿ 1989ರಲ್ಲಿ ಕಟ್ಟಿದರು. ಶ್ರಮಬಿಂದು ಸಾಗರ ಅಂತ ಹೆಸರು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಜನ ಅವರನ್ನು ಬ್ಯಾರೇಜ್ ಸಿದ್ದು ಅಂತಲೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ಬಾಗಲಕೋಟೆಯಲ್ಲಿ ಸೋಲಿಸಿದ್ದು ಯಾರನ್ನು ಗೊತ್ತಾ? ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರನ್ನು! ಬ್ಯಾರೇಜಿನ ಮೇಲೆ ನಿಂತು ಈ ಕತೆ ಹೇಳಿದರೆ ಮಕ್ಕಳ ಮುಖ ನೋಡಬೇಕು. ಆಮೇಲೆ ಕಷ್ಟದ ಪ್ರಶ್ನೆ ಕೇಳುತ್ತೇನೆ. ಜನರೇ ಕಟ್ಟಿಕೊಂಡರೆ ತೆರಿಗೆ ಯಾಕೆ ಕಟ್ಟಬೇಕು? ಇದಕ್ಕೆ ನನ್ನ ಹತ್ತಿರವೂ ತಯಾರಾದ ಉತ್ತರ ಇಲ್ಲ.

ಅಲ್ಲಿಂದ ಸಾವಳಗಿ ದೂರ ಇಲ್ಲ. ಬಿ.ಡಿ. ಜತ್ತಿ ಅವರ ಊರು. ಜಮಖಂಡಿ ಪುರಸಭೆ ಸದಸ್ಯರಾಗಿ ಶುರು ಮಾಡಿದ ಮನುಷ್ಯ 1958ರಲ್ಲಿ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ ಆದರು. ಹಾಗಾಗಿ ಪುರಸಭೆ ಕಟ್ಟಡ ತೋರಿಸುವಾಗ "ಇಲ್ಲಿಂದ ದಿಲ್ಲಿಗೆ ದಾರಿ ಐತಿ" ಅನ್ನುತ್ತೇನೆ.

ವಿಜಯಪುರದ ಕಡೆಯವರಿಗೆ ಆಲಮಟ್ಟಿ. ಉದ್ಯಾನ, ಕಾರಂಜಿ ನೋಡಿ ಬರುವುದು ರೂಢಿ. ನಾನಾದರೆ ಒಂದು ಅಂಕಿ ಬರೆಸುತ್ತೇನೆ: ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವ ಗರಿಷ್ಠ ಮಟ್ಟ 519.60 ಮೀಟರ್, ಏರಿಸಬೇಕು ಅಂತ ಇರುವುದು 524.256 ಮೀಟರ್. ನಡುವಿನ ಆ ನಾಲ್ಕೂವರೆ ಮೀಟರಿನಲ್ಲಿ ಇಡೀ ರಾಜಕೀಯ ಶಾಸ್ತ್ರ ಇದೆ. ಕೃಷ್ಣಾ ನೀರು ಹಂಚುವ ನ್ಯಾಯಮಂಡಳಿಯ ತೀರ್ಪು, ಸುಪ್ರೀಂ ಕೋರ್ಟ್, ಕೇಂದ್ರದ ಅಧಿಸೂಚನೆ, ಸಾಂಗ್ಲಿ-ಕೊಲ್ಹಾಪುರದವರ ಪ್ರವಾಹದ ಭಯ, ಮುಳುಗುವ ಹೊಲಗಳ ಪರಿಹಾರ. ವಾಪಸ್ ಬರುವಾಗ ಆಲಮಟ್ಟಿ ಹಿನ್ನೀರಿನಲ್ಲಿ ಬಾಗಲಕೋಟೆ ಹಳೆ ಊರಿನ ಮುಳುಗಿದ ಭಾಗ ನೋಡಿ, ಆಮೇಲೆ ಮನೆ ಕಳೆದುಕೊಂಡವರಿಗೆ ಕಟ್ಟಿದ ನವನಗರ ನೋಡಿ. ಮನೆ ಕಳೆದುಕೊಂಡ ಒಬ್ಬ ಹಿರಿಯರು ಮಾತಾಡಲು ಒಪ್ಪಿದರೆ ಸಾಕು. ಮಾರ್ಗದರ್ಶಿ ಬೇಕಿಲ್ಲ.

ಬಸವನಬಾಗೇವಾಡಿ, ಕೂಡಲಸಂಗಮಕ್ಕೆ ಹೋದವರು ಅನುಭವ ಮಂಟಪದ ಮಾತು ತೆಗೆಯುತ್ತಾರೆ. ತೆಗೆಯಲೇಬೇಕು. ಆದರೆ "ಜಗತ್ತಿನ ಮೊದಲ ಸಂಸತ್ತು" ಅಂತ ಹೆಮ್ಮೆ ಪಟ್ಟು ಬಸ್ಸು ಹತ್ತಿದರೆ ಏನೂ ಬರಲಿಲ್ಲ. ಯಾರು ಮಾತಾಡಬಹುದಿತ್ತು, ಯಾವ ಕಸುಬಿನವರು ಕೂತಿದ್ದರು, ಹೆಣ್ಣುಮಕ್ಕಳು ಏನು ಕೇಳಿದರು ಅಂತ ಕೇಳಿ. ಆಮೇಲೆ ನಮ್ಮ ಕ್ಲಾಸಿನಲ್ಲಿ ಯಾರು ಮಾತಾಡುತ್ತಾರೆ, ಯಾರು ಸುಮ್ನೆ ಕೂರುತ್ತಾರೆ ಅಂತ ಎಣಿಸಿ.

ಶಾಲಾ ಸಂಸತ್ತಿನ ಚುನಾವಣೆ ಬರೀ ಆಟವಲ್ಲವೇ?

ನೀವು ಆಟದ ಹಾಗೆ ನಡೆಸಿದರೆ ಆಟ. ಒಂದು ಶಾಲೆಯಲ್ಲಿ ಮತ ಎಣಿಸಿದ ಮೇಲೆ ಗೆದ್ದ ಹುಡುಗ "ಶಿಸ್ತಿನವನಲ್ಲ" ಅಂತ ಎರಡನೆಯವನನ್ನು ಪ್ರಧಾನಿ ಮಾಡಿದರು. ಆ ಮಕ್ಕಳು ಅವತ್ತು ಕಲಿತದ್ದು ಏನು ಅಂತ ನೆನೆಸಿದರೆ ಹೆದರಿಕೆ ಆಗುತ್ತದೆ.

ನಮ್ಮಲ್ಲಿ ನಾಮಪತ್ರ, ಪರಿಶೀಲನೆ, ವಾಪಸಾತಿ, ಗುಪ್ತ ಮತದಾನ ಎಲ್ಲ ಇದೆ. ಮತಯಂತ್ರಕ್ಕೆ ಮೊಬೈಲ್ ಆ್ಯಪ್, ಬೆರಳಿಗೆ ಮಾರ್ಕರ್ ಪೆನ್ನು. ಅಸಲಿ ಶಾಯಿ ಮೈಸೂರಿನ ಪೇಂಟ್ಸ್ ಕಾರ್ಖಾನೆಯಿಂದ ಇಡೀ ದೇಶಕ್ಕೆ ಹೋಗುತ್ತದೆ ಅಂತ ಹೇಳಲು ಅದೇ ಸಮಯ. ಠೇವಣಿ ದುಡ್ಡಲ್ಲ, ಒಂದು ಸಸಿ. ಆರರಲ್ಲಿ ಒಂದು ಪಾಲು ಮತ ಬಾರದವನ ಠೇವಣಿ ಹೋಗುತ್ತದಲ್ಲ, ನಮ್ಮಲ್ಲಿ ಅವನು ತನ್ನ ಸಸಿಗೆ ವರ್ಷವಿಡೀ ನೀರು ಹಾಕಬೇಕು. ಈಗ ಶಾಲೆ ಹಿಂದೆ ಠೇವಣಿ ಕಳೆದುಕೊಂಡವರ ಬೇವಿನ ಸಾಲು ಚೆನ್ನಾಗಿ ಬೆಳೆದಿದೆ.

ಒಂದು ವರ್ಷ ಒಬ್ಬ ಅಭ್ಯರ್ಥಿ ಶೇಂಗಾ ಚಿಕ್ಕಿ ಹಂಚಿದ. ದೂರು ಬಂತು. ಶಿಕ್ಷಕರು ತೀರ್ಮಾನ ಮಾಡಲಿಲ್ಲ, ಮಕ್ಕಳ ಚುನಾವಣಾ ಆಯೋಗಕ್ಕೇ ಬಿಟ್ಟೆವು. ಅವರು ಎರಡು ದಿನ ವಿಚಾರಣೆ ಮಾಡಿ ಅವನನ್ನು ಅನರ್ಹ ಮಾಡಿದರು. ಚಿಕ್ಕಿ ತಿಂದವರಿಗೂ ಏನಾದರೂ ಶಿಕ್ಷೆ ಇದೆಯಾ ಅಂತ ಆಯೋಗದ ಹುಡುಗಿ ನನ್ನನ್ನು ಕೇಳಿದಳು. ಆಯೋಗದವರೂ ಚಿಕ್ಕಿ ತಿಂದಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು.

ಗೆದ್ದವರಿಗೆ ಏನಾದರೂ ಅಧಿಕಾರ ಕೊಡಿ. ನಾವು ಕ್ರೀಡಾ ಸಾಮಾನಿನ ಪಟ್ಟಿ ಮಾಡುವುದನ್ನು ಅವರಿಗೆ ಬಿಟ್ಟಿದ್ದೇವೆ. ಮೊದಲ ವರ್ಷ ಎಲ್ಲಾ ದುಡ್ಡು ಕ್ರಿಕೆಟ್ಟಿಗೇ ಹೋಯಿತು. ಮುಂದಿನ ವರ್ಷ ಹುಡುಗಿಯರು ಒಟ್ಟಾಗಿ ನಿಂತು ಗೆದ್ದರು, ಥ್ರೋಬಾಲ್ ನೆಟ್ ಬಂತು.

ಯುವ ಸಂಸತ್ತು ಸ್ಪರ್ಧೆಗೆ ಸ್ಕ್ರಿಪ್ಟ್ ಬರೆದುಕೊಡುತ್ತೀರಾ?

ಇಲ್ಲ. ದಯವಿಟ್ಟು ನೀವೂ ಬರೆದುಕೊಡಬೇಡಿ. ಕೇಂದ್ರದ ಸಂಸದೀಯ ವ್ಯವಹಾರಗಳ ಸಚಿವಾಲಯ 1966-67ರಲ್ಲಿ ದಿಲ್ಲಿ ಶಾಲೆಗಳಲ್ಲಿ ಈ ಯೋಜನೆ ಶುರು ಮಾಡಿದ್ದು ಮಕ್ಕಳು ಚರ್ಚೆ ಕಲಿಯಲಿ ಅಂತ. ಈಗ ಅನೇಕ ಕಡೆ ಅದು ನಾಟಕ ಸ್ಪರ್ಧೆ ಆಗಿದೆ. ಬಿಳಿ ಜುಬ್ಬಾ, ಬಾಯಿಪಾಠ ಮಾಡಿದ ಸಿಟ್ಟು. ಮಂತ್ರಿ ಆದ ಹುಡುಗನಿಗೆ ಬರೆದುಕೊಡದ ಒಂದು ಉಪಪ್ರಶ್ನೆ ಕೇಳಿ ನೋಡಿ, ಅಲ್ಲಿ ಪಾಠ ಶುರುವಾಗುತ್ತದೆ. ಬಹುಮಾನ ಹೋಗಬಹುದು. ನಮಗೆ ಎರಡು ಸಲ ಹೋಗಿದೆ.

ಮಕ್ಕಳ ಗ್ರಾಮಸಭೆಯಲ್ಲಿ ಹೇಳಿದ್ದು ಆಗುತ್ತದಾ?

ಕೆಲವು ಆಗುತ್ತದೆ. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ಪಂಚಾಯಿತಿಯವರು ಈ ಸಭೆ ಕರೆಯುತ್ತಾರೆ. "ನಮ್ಮ ಊರು ಸ್ವಚ್ಛವಾಗಿರಲಿ" ಅಂತ ಭಾಷಣ ಮಾಡಿದರೆ ಚಪ್ಪಾಳೆ ಬರುತ್ತದೆ, ಬೇರೇನೂ ಬರುವುದಿಲ್ಲ. ನಮ್ಮ ಹುಡುಗಿಯರು ಶಾಲೆ ಶೌಚಾಲಯಕ್ಕೆ ನೀರಿನ ಪೈಪ್ ಎಷ್ಟು ಅಡಿ ಬೇಕು ಅಂತ ಅಳೆದು ಹೋಗಿದ್ದರು. ನಡಾವಳಿಯಲ್ಲಿ ಬರೆಸಿದರು, ಅದರ ಪ್ರತಿ ಕೇಳಿ ತಂದರು. ಪೈಪ್ ಬಂತು. ಬಸ್ಸು ಶಾಲೆ ಹತ್ತಿರ ನಿಲ್ಲಬೇಕು ಅಂದದ್ದು ಇನ್ನೂ ಆಗಿಲ್ಲ. ಅದು ಪಂಚಾಯಿತಿ ಕೈಯಲ್ಲಿಲ್ಲ, ಡಿಪೋಗೆ ಅರ್ಜಿ ಹಾಕಬೇಕಿತ್ತು.

ಗಡಿ ವಿಷಯ ತೆಗೆಯಬಹುದಾ?

ಬೆಳಗಾವಿ ಜಿಲ್ಲೆಯ ಶಿಕ್ಷಕರು ಇದನ್ನು ದನಿ ತಗ್ಗಿಸಿ ಕೇಳುತ್ತಾರೆ. ಒಂದೇ ಬೆಂಚಿನಲ್ಲಿ ಕನ್ನಡ ಮನೆಮಾತಿನ ಮಗು, ಮರಾಠಿ ಮನೆಮಾತಿನ ಮಗು ಕೂತಿರುತ್ತವೆ. ನವೆಂಬರ್ 1ರಂದು ಒಂದು ಬೀದಿಯಲ್ಲಿ ರಾಜ್ಯೋತ್ಸವ, ಇನ್ನೊಂದರಲ್ಲಿ ಕಪ್ಪು ಬಾವುಟ. ಮಕ್ಕಳು ಎರಡನ್ನೂ ನೋಡಿರುತ್ತಾರೆ. ನಾವು ಬಾಯಿ ಮುಚ್ಚಿಕೊಂಡರೆ ಮೊಬೈಲ್ ಪಾಠ ಮಾಡುತ್ತದೆ.

ನಾನು ದಿನಾಂಕಗಳಿಂದ ಶುರು ಮಾಡುತ್ತೇನೆ. ನಮ್ಮ ಮೂರೂ ಜಿಲ್ಲೆಯ ನೆಲ 1956ರ ನವೆಂಬರ್ 1ರ ತನಕ ಮುಂಬೈ ರಾಜ್ಯದಲ್ಲೇ ಇತ್ತು ಅಂದರೆ ಬಾಗಲಕೋಟೆ ಮಕ್ಕಳೂ ಬೆಚ್ಚಿ ಬೀಳುತ್ತಾರೆ. 1966ರಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿ ವಿವಾದಕ್ಕೆ ಮಹಾಜನ ಆಯೋಗ, 1967ರಲ್ಲಿ ಅದರ ವರದಿ, ಬೆಳಗಾವಿ ತನಗೆ ಸೇರಬೇಕು ಅಂತ 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು. ನಾನು ಕನ್ನಡದವನು, ನನ್ನ ಅಭಿಪ್ರಾಯ ಗುಟ್ಟೇನಲ್ಲ. ಆದರೂ ಅಧಿವೇಶನ ಬೆಳಗಾವಿಯಲ್ಲೇ ಯಾಕೆ ನಡೆಯುತ್ತದೆ ಅಂತ ಎರಡೂ ಕಡೆಯವರು ಏನು ಹೇಳುತ್ತಾರೋ ಅದನ್ನು ಮಕ್ಕಳಿಂದಲೇ ಹೇಳಿಸುತ್ತೇನೆ. ಒಂದು ನಿಯಮ ಇದೆ: ಕನ್ನಡದ ಮಗು ಮರಾಠಿಯವರ ವಾದ ಹೇಳಬೇಕು, ಮರಾಠಿ ಮಗು ಕನ್ನಡದವರದ್ದು. ಮೊದಲು ಮುಜುಗರ ಪಡುತ್ತಾರೆ, ಆಮೇಲೆ ಗೆಲ್ಲುವ ಹುಮ್ಮಸ್ಸಿನಲ್ಲಿ ಮರೆತೇಬಿಡುತ್ತಾರೆ.

ಚುನಾವಣಾ ಪ್ರಚಾರ ಸಭೆಗೆ ಮಕ್ಕಳನ್ನು ಕಳಿಸಬಹುದಾ?

ಶಾಲೆಯಿಂದ ಖಂಡಿತ ಇಲ್ಲ. ಪ್ರಚಾರದ ಕೆಲಸಕ್ಕೆ ಮಕ್ಕಳನ್ನು ಬಳಸಬಾರದು ಅಂತ ಚುನಾವಣಾ ಆಯೋಗ 2024ರ ಫೆಬ್ರುವರಿಯಲ್ಲಿ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಹೇಳಿದೆ. ಅಪ್ಪ ಅಮ್ಮನ ಜೊತೆ ಮಗು ಸುಮ್ಮನೆ ಹೋಗಿ ನಿಂತರೆ ತಪ್ಪಿಲ್ಲ. ಕರಪತ್ರ ಹಂಚುವುದು, ಘೋಷಣೆ ಕೂಗುವುದು ಬೇಡ.

ಬಸ್ಸು, ಅನುಮತಿ, ಖರ್ಚು?

ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಸರ್ಕಾರಿ ಬಸ್ಸು. ಬೆಳಗಾವಿ, ಬಾಗಲಕೋಟೆಯವರು ವಾಯವ್ಯ ಸಾರಿಗೆ ಡಿಪೋಗೆ, ವಿಜಯಪುರದವರು ಕಲ್ಯಾಣ ಕರ್ನಾಟಕ ಸಾರಿಗೆ ಡಿಪೋಗೆ ಹೋಗಬೇಕು. ರಾತ್ರಿ ಪ್ರಯಾಣ ಬೇಡ. ಬುತ್ತಿ ಕಟ್ಟಿಕೊಂಡು ಹೋಗಿ. ರೊಟ್ಟಿ, ಶೇಂಗಾ ಚಟ್ನಿ ಎರಡು ದಿನ ಕೆಡುವುದಿಲ್ಲ.

ಹೆಣ್ಣುಮಕ್ಕಳನ್ನು ದೂರ ಕಳಿಸಲು ಒಪ್ಪದ ಮನೆಗಳು ಈಗಲೂ ಇವೆ. ಅವರಿಗಾಗಿ ತಾಯಂದಿರನ್ನೇ ಜೊತೆಗೆ ಕರೆದೆವು. ಗ್ಯಾಲರಿಯಲ್ಲಿ ಒಬ್ಬ ತಾಯಿ ಕಣ್ಣು ಮಿಟುಕಿಸದೆ ಕೂತಿದ್ದರು. ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲುತ್ತೇನೆ ಅಂತ ಹೇಳಿಕೊಂಡು ಓಡಾಡುತ್ತಿದ್ದಾರೆ. ಗಂಡನಿಗೆ ಇನ್ನೂ ಹೇಳಿಲ್ಲವಂತೆ.

ಇದಕ್ಕೆ ಮಾರ್ಕ್ಸ್ ಇದೆಯಾ?

ಆಂತರಿಕ ಅಂಕ 20ರಲ್ಲಿ ಪ್ರಾಜೆಕ್ಟ್ ಅಂತ ತೋರಿಸಬಹುದು. ಅದಕ್ಕಿಂತ ಜಾಸ್ತಿ ಕೇಳಬೇಡಿ.

ನನ್ನ ಮಗಳಿಗೆ 17 ತುಂಬಿದೆ. ಈಗಲೇ ಏನಾದರೂ ಮಾಡಬಹುದಾ?

ಮಾಡಬಹುದು. 17 ತುಂಬಿದವರು ಮತದಾರರ ಪಟ್ಟಿಗೆ ಹೆಸರು ಸೇರಿಸುವ ಫಾರಂ 6 ಮುಂಚಿತವಾಗಿ ತುಂಬಬಹುದು. ಮೊದಲು ಜನವರಿ 1 ಒಂದೇ ಅರ್ಹತಾ ದಿನ ಇತ್ತು, ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಸೇರಿವೆ. ಆ ದಿನಕ್ಕೆ 18 ಆದರೆ ಪಟ್ಟಿಯಲ್ಲಿ ಹೆಸರು ಬರುತ್ತದೆ. ಶಾಲೆ, ಕಾಲೇಜಿನ ಚುನಾವಣಾ ಸಾಕ್ಷರತಾ ಸಂಘದವರನ್ನು ಕೇಳಿ, ಇಲ್ಲವೇ ನಿಮ್ಮ ಓಣಿಯ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅವರನ್ನು ಹಿಡಿಯಿರಿ. ಬಹಳ ಕಡೆ ಬಿಎಲ್‌ಒ ಅಂದರೆ ನಮ್ಮಂಥ ಮೇಷ್ಟ್ರೋ ಅಂಗನವಾಡಿ ಅಕ್ಕನೋ ಆಗಿರುತ್ತಾರೆ. ಭಾನುವಾರ ಮಧ್ಯಾಹ್ನ ಮಾತ್ರ ಬಾಗಿಲು ಬಡಿಯಬೇಡಿ.